ಇಸ್ಕೂಲಿನ ಹಗೇವು

ಟೇಕಲ್
೭-೧೨-೧೯೪೩

ಸೀನಣ್ಣನಿಗೆ ನಿನ್ನ ತಂಗಿ ಆದಿಲಕ್ಷ್ಮಿಯ ನಮಸ್ಕಾರ.

ನೀನು ದೀಪಾವಳಿಗೂ ಬರಲಿಲ್ಲ, ಒಂದು ಕಾಗದವನ್ನೂ ಹಾಕಲಿಲ್ಲ. ಶ್ರೀನಿವಾಸಪುರದ ಕಛೇರಿಯಲ್ಲಿ ಗುಮಾಸ್ತೆ ಆದಮೇಲೆ ಒಡಹುಟ್ಟಿದವಳು ಮರೆತೇ ಹೋದಳೋ, ಇಲ್ಲ ಕಾಗದಕ್ಕೂ ರೇಷನ್ ಬಂತೋ? ನಾನೂ ಬರೆಯಬಾರದು ಅಂತಲೇ ಇದ್ದೆ. ಏನು ಮಾಡಲಿ, ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ನಮ್ಮ ಇಸ್ಕೂಲಿನ ಪೋಷಕರ ಸಂಘಕ್ಕೆ ಈ ವರ್ಷವೂ ನಾನೇ ಕಾರ್ಯದರ್ಶಿ. ಊರಿನ ತಾಯಂದಿರಲ್ಲಿ ಬರೆಯಲು ಬರುವವಳು ನಾನೊಬ್ಬಳೇ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಬಡಗಣ ಬೀದಿಯ ಮುನಿಯಲ್ಲಪ್ಪನವರು ಅಧ್ಯಕ್ಷರು. ಅವರ ಮಗಳು ಶಾಮಿ ನನ್ನ ಮಗಳ ಜೊತೆಯಲ್ಲೇ ಎರಡನೇ ಕ್ಲಾಸು. ಫೆಬ್ರವರಿ ಹದಿಮೂರು, ಭಾನುವಾರ, ಇಸ್ಕೂಲ್ ಹಬ್ಬ ಅಂತ ನಿಶ್ಚಯಿಸಿದ್ದೇವೆ. ಅಪ್ಪಂದಿರಿಗೆ ಹಗ್ಗ ಜಗ್ಗಾಟ, ಅಮ್ಮಂದಿರಿಗೆ ತುಂಬಿದ ಕೊಡ ಹೊತ್ತು ಓಡುವುದು, ಮಕ್ಕಳ ಕೋಲಾಟ, ಆಮೇಲೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಮುದ್ದೆ, ಹುರುಳಿ ಸಾರು. ಪ್ರತಿ ವರ್ಷದ ಹಾಗೆ ಮೊದಲ ಮುದ್ದೆಯ ಹರಾಜೂ ಇದೆ. ಹೋದ ವರ್ಷ ಕಲಾಯಿ ಅಂಗಡಿಯ ಅಜ್ಮತುಲ್ಲಾ ಭಾಯಿ ಹಟಕ್ಕೆ ಬಿದ್ದು ಕೂಗಿ, ಗೆದ್ದು, ಆ ಮುದ್ದೆಯನ್ನು ಪಾತ್ರೆಯಲ್ಲಿ ಮುಚ್ಚಿಕೊಂಡು ಹೆಂಡತಿಗೆ ತೋರಿಸಲು ಓಡಿದ್ದರು. ಊರಿಗೆ ಊರೇ ನಕ್ಕಿತ್ತು.

ಈ ಸಲ ನಗುವುದಕ್ಕಿಂತ ದೊಡ್ಡ ಕೆಲಸ ಇದೆ. ಮಕ್ಕಳು ಬರಿಹೊಟ್ಟೆಯಲ್ಲಿ ಬರುತ್ತಿದ್ದಾರೆ ಅಣ್ಣ. ಮಧ್ಯಾಹ್ನದ ಹೊತ್ತಿಗೆ ಸ್ಲೇಟಿನ ಮೇಲೆ ತಲೆ ಇಟ್ಟು ಮಲಗುತ್ತವೆ. ಆದ್ದರಿಂದ ಇಸ್ಕೂಲ್ ಹಬ್ಬದ ದಿನದಿಂದ ಬೇಸಿಗೆ ರಜದವರೆಗೂ ದಿನಾ ಮಧ್ಯಾಹ್ನ ಮಕ್ಕಳಿಗೆ ಅಂಬಲಿ ಕೊಡಬೇಕೆಂದು ತೀರ್ಮಾನ. ರಾಗಿ ಇದೆ. ಎರಡು ವರ್ಷದಿಂದ ಒಲೆ ಹಚ್ಚುವ ಮೊದಲು ಪ್ರತಿ ಮನೆಯವಳೂ ಒಂದು ಹಿಡಿ ರಾಗಿಯನ್ನು ‘ಇಸ್ಕೂಲ್ ಗಡಿಗೆ’ಗೆ ಹಾಕುತ್ತಾ ಬಂದದ್ದು. ಹೋದ ಬೇಸಿಗೆಯಲ್ಲಿ ಎಲ್ಲವನ್ನೂ ಇಸ್ಕೂಲಿನ ಹಿಂದಿನ ನಮ್ಮ ತಾತನ ಹಗೇವಿಗೆ ಸುರಿದು, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದ್ದೇವೆ. ನೆಲದೊಳಗಿನ ಆ ಕಣಜ ನಿನಗೆ ಮರೆತಿರಲಾರದು! ಚಿಕ್ಕವನಿದ್ದಾಗ ನಿನ್ನನ್ನು ಅದರೊಳಕ್ಕೆ ಇಳಿಸಲು ಹೋದಾಗ, ಮುಂದೆ ಬಿಟ್ಟ ದೀಪ ಪಟ್ಟನೆ ಆರಿ, ನೀನು ಊರು ಹಾರಿಹೋಗುವ ಹಾಗೆ ಕಿರುಚಿದ್ದೆಯಲ್ಲ. ಇಳಿಯುವವನ ಹಗ್ಗ ಅವನ ಮನೆಯವರ ಕೈಯಲ್ಲೇ ಇರಬೇಕು ಅನ್ನುವ ನಮ್ಮೂರ ಕಟ್ಟಳೆಯಂತೆ ಅಪ್ಪನೇ ಹಗ್ಗ ಹಿಡಿದಿದ್ದ. ಎರಡೇ ಎಳೆತಕ್ಕೆ ನಿನ್ನನ್ನು ಮೇಲಕ್ಕೆ ತಂದ.

ಈಗ ನನ್ನ ಕೆಲಸ ಕೇಳು. ಶ್ಯಾನುಭೋಗರು ಮನೆಮನೆಯ ರಾಗಿಯನ್ನು ಸರ್ಕಾರದ ಲೆಕ್ಕಕ್ಕೆ ಬರೆದುಕೊಂಡು ಹೋದರು. ಹಗೇವು ಯಾರ ಮನೆಯದೂ ಅಲ್ಲವಲ್ಲ, ಯಾರೂ ಬರೆಸಲಿಲ್ಲ. ನಮಗೆ ಹೊಳೆಯಲೇ ಇಲ್ಲ. ಮೊನ್ನೆ ಮಾಲೂರು ಸಂತೆಯಲ್ಲಿ ಜನ ಆಡಿಕೊಳ್ಳುತ್ತಿದ್ದರು, ಬರೆಸದ ರಾಗಿಗೆ ತನಿಖೆಯವರು ಕಬ್ಬಿಣದ ಸಲಾಕೆಯಿಂದ ನೆಲ ತಿವಿದು ತಿವಿದು ಹುಡುಕುತ್ತಾರಂತೆ. ಇಸ್ಕೂಲಿನ ರಾಗಿಯನ್ನೂ ಬರೆಸಬೇಕಾ, ಬರೆಸಿದರೆ ಮಕ್ಕಳಿಗೆ ಬಿಡುತ್ತಾರಾ, ನಿನ್ನ ಕಛೇರಿಯಲ್ಲಿ ಒಂದು ಮಾತು ಕೇಳಿ ಬರಿ. ಮರೆಯಬೇಡ.

ಆದಿಲಕ್ಷ್ಮಿ


ಶ್ರೀನಿವಾಸಪುರ
೧೫-೧೨-೧೯೪೩

ಚಿ. ಸೌ. ಲಕ್ಷ್ಮಿಗೆ ಆಶೀರ್ವಾದ.

ಇಂಥದ್ದನ್ನೆಲ್ಲಾ ಬರೆಯುತ್ತಾರೇನೇ? ಯುದ್ಧದ ಕಾಲ. ಯಾರ ಕಾಗದವನ್ನು ಯಾರು ಒಡೆದು ಓದುತ್ತಾರೋ ದೇವರಿಗೇ ಗೊತ್ತು. ನಿನ್ನ ಕಾಗದವನ್ನು ಒಲೆಗೆ ಹಾಕಿದ್ದೇನೆ. ನೀನೂ ಇದನ್ನು ಓದಿ ಸುಡು.

ನೀನು ಹೇಳಿದಂತೆ ವಿಚಾರಿಸಿದೆ. ಯಾವ ಊರು, ಯಾರು ಅಂತ ಹೇಳದೆ ಕೇಳಿದೆ. ಲೆಕ್ಕಕ್ಕೆ ಬರೆಸದ ರಾಗಿ ಮನೆಯದಾದರೂ ಒಂದೇ, ಇಸ್ಕೂಲಿನದಾದರೂ ಒಂದೇ, ಬಚ್ಚಿಟ್ಟ ರಾಗಿಯೇ ಅಂದರು. ಮುಳಬಾಗಿಲಿನ ಕಡೆ ಒಬ್ಬ ಯಜಮಾನರ ಅಟ್ಟದಲ್ಲಿ ಸಿಕ್ಕಿತಂತೆ. ಆ ವಯಸ್ಸಾದವರ ಕೈಗೆ ಹಗ್ಗ ಕಟ್ಟಿ ಸಂತೆಯ ನಡುವೆ ನಡೆಸಿಕೊಂಡು ಹೋದರಂತೆ. ನೀನು ಕಾರ್ಯದರ್ಶಿ. ಮೊದಲು ಕೇಳುವುದೇ ನಿನ್ನ ಹೆಸರು.

ಬಾಯಿ ಬಿಡಬೇಡ. ಸಂಘದವರೂ ಬಿಡದ ಹಾಗೆ ನೋಡಿಕೋ. ಈ ಯುಗಾದಿಗೆ ನನ್ನ ಕೆಲಸ ಕಾಯಂ ಆಗುತ್ತದೆ ಅನ್ನುತ್ತಿದ್ದಾರೆ. ಅಲ್ಲಿಯವರೆಗೂ ಎಲ್ಲಾ ಸುಸೂತ್ರವಾಗಿ ನಡೆದರೆ ಸಾಕು.

ಸೀನಪ್ಪ


ಟೇಕಲ್
೨೧-೧೨-೧೯೪೩

ಅಣ್ಣನಿಗೆ,

ಕೈಗೆ ಹಗ್ಗ ಕಟ್ಟಿ ನಡೆಸಿದರು ಅಂತ ಯಾಕಾದರೂ ಬರೆದೆಯೋ! ಅಂದಿನಿಂದ ನಾಯಿ ಬೊಗಳಿದರೂ ಎದ್ದು ಬಾಗಿಲಿಗೆ ಹೋಗುತ್ತೇನೆ. ನಿನ್ನ ಭಾವ ‘ಏನಾಯ್ತೇ ನಿಂಗೆ, ಗಾಳಿ ಗೀಳಿ ಸೋಕ್ತಾ?’ ಅಂತ ತಾಯಿತ ಕಟ್ಟಿಸಲು ಹೊರಟಿದ್ದಾರೆ.

ಇಸ್ಕೂಲಿನ ಕದ ಹಾಕಿಕೊಂಡು ಸಂಘದ ಸಭೆ ಮಾಡಿದೆವು. ಹಬ್ಬದ ಕೋಲಾಟಕ್ಕೆ ಹಾಡು ಆರಿಸುವುದಕ್ಕೆ ಅಂತ ಊರಿಗೆ ಹೇಳಿ, ಒಳಗೆ ಕೂತು ಪಿಸುಗುಟ್ಟಿದೆವು. ಮುನಿಯಲ್ಲಪ್ಪನವರಿಗೆ ರೇಗಿಹೋಯಿತು. ‘ಅಲ್ಲಮ್ಮಾ, ನಮ್ ಹೆಂಗಸ್ರು ಹಿಡಿ ಹಿಡಿ ಎತ್ತಿಟ್ಟಿದ್ದು. ನಮ್ ಮಕ್ಳ ಹೊಟ್ಟೆಗೆ. ಇದ್ರಾಗೆ ಕಳ್ತನ ಯಾತರದು? ನಾನೇ ಹೋಗಿ ಕೇಳ್ತೀನಿ’ ಅಂತ ಎದ್ದು ನಿಂತರು. ನಾನೇ ಅವರ ಪಂಚೆಯ ತುದಿ ಹಿಡಿದು ಕೂರಿಸಿದೆ. ನಮ್ಮಣ್ಣ ಕಛೇರಿಯಲ್ಲಿ ಕೇಳಿಯಾಯಿತು, ಆಗುವುದಿಲ್ಲ ಅಂದರಂತೆ ಅಂದೆ. ನಿನ್ನ ಹೆಸರು ಹೇಳಿದ ಮೇಲೆ ಸುಮ್ಮನಾದರು. ಕಛೇರಿಯಲ್ಲಿರುವ ನೀನು ಕೇಳಿದ ಮೇಲೆ ಇನ್ನು ಯಾರು ಕೇಳಬೇಕು ಅಂದರು.

ಹಂಚಿಕೊಂಡು ಮನೆಗೆ ಒಯ್ಯೋಣ ಅಂದರೆ ಯಾರೂ ಒಪ್ಪಲಿಲ್ಲ. ಹಗೇವಿನಲ್ಲಿ ಇದ್ದರೆ ಎಲ್ಲರದು, ಮನೆಗೆ ತಂದರೆ ತಂದವನ ತಲೆಗೆ. ಅಜ್ಮತುಲ್ಲಾ ಭಾಯಿ, ‘ಅಕ್ಕಾ, ನಮ್ದೂಕೆ ಒಂದೇ ರೂಮಿನ್ ಮನೆ. ಎಲ್ಲಿ ಮುಚ್ಚಿಡೋದು?’ ಅಂದರು.

ನಿನ್ನೆ ಪ್ರಾರ್ಥನೆಗೆ ನಿಂತಿದ್ದ ಶಾಮಿ ದೊಪ್ಪನೆ ಬಿದ್ದಳು. ಮೇಷ್ಟರು ನೀರು ಚಿಮುಕಿಸಿ ಎಬ್ಬಿಸಿದರು. ‘ಏನ್ ತಿಂದೆ ಮಗಾ ಬೆಳಿಗ್ಗೆ?’ ಅಂದರೆ ‘ಸಂಜೆ ತಿಂತೀನಿ’ ಅನ್ನುತ್ತಾಳೆ. ಅವಳು ಬಿದ್ದ ಜಾಗದಿಂದ ಹಗೇವು ಕೂಗಳತೆಯಲ್ಲಿದೆ ಅಣ್ಣ. ಒಳಗೆ ರಾಗಿ ಇಟ್ಟುಕೊಂಡು ಮೇಲೆ ಮಗುವಿನ ಮುಖಕ್ಕೆ ನೀರು ಹೊಡೆಯುತ್ತಿದ್ದೇವೆ.

ನಿನಗೆ ಹಾಗೆ ಅಂದದ್ದು ಅಮಲ್ದಾರರೇ ಏನು? ನಾನೇ ಒಂದು ಅರ್ಜಿ ಬರೆದುಕೊಂಡು ಮಾಲೂರಿನ ತಾಲ್ಲೂಕು ಕಛೇರಿಗೆ ಹೋಗಿ ಕಾಲಿಗೆ ಬೀಳಲೇ? ಬೇಗ ಬರಿ.

ಲಕ್ಷ್ಮಿ


ಶ್ರೀನಿವಾಸಪುರ
೨೭-೧೨-೧೯೪೩

ಲಕ್ಷ್ಮಿಗೆ,

ಅರ್ಜಿ ಗಿರ್ಜಿ ಬೇಡ. ಮಾಲೂರಿನ ಕಡೆ ತಲೆ ಹಾಕಿಯೂ ಮಲಗಬೇಡ. ನೀನು ಹೋಗಿ ಬಾಯಿ ಬಿಟ್ಟರೆ ಅಣ್ಣ ಯಾರು, ಎಲ್ಲಿದ್ದಾನೆ ಅಂತ ಕೇಳದೆ ಬಿಡುತ್ತಾರಾ? ಸಂಘದವರಿಗೆ ನನ್ನ ಹೆಸರು ಹೇಳಿದ್ದಂತೂ ದೊಡ್ಡ ತಪ್ಪು.

ಸಂಕ್ರಾಂತಿಗೆ ಮುಂಚೆ ತನಿಖೆಯವರು ನಿಮ್ಮ ಕಡೆಗೆ ಬರುತ್ತಾರೆ ಅಂತ ಇಲ್ಲಿ ಮಾತು ಹಬ್ಬಿದೆ. ಅಷ್ಟರೊಳಗೆ ಹಗೇವು ಖಾಲಿಯಾಗಬೇಕು. ನಾನು ಹೇಳಿದ ಹಾಗೆ ಮಾಡು. ಗಂಡಸರೆಲ್ಲಾ ಕಣದಲ್ಲಿ ಒಕ್ಕಣೆಗೆ ಹೋಗಿರುವಾಗ, ನಡುಮಧ್ಯಾಹ್ನ ತೆಗೆಯಿರಿ. ಜಾಸ್ತಿ ಜನ ಬೇಡ. ಗಾಳಿಯಾಡಲೆಂದು ಒಂದು ದಿನ ಮುಂಚಿತವಾಗಿ ಚಪ್ಪಡಿ ತೆಗೆದು ಬಿಡುವುದೆಲ್ಲಾ ಈಗ ಆಗದ ಮಾತು. ಹಗೇವಿನ ರಾಗಿಯ ವಾಸನೆ ಮೂರು ಬೀದಿಗೆ ಹೊಡೆಯುತ್ತದೆ. ತೆಗೆದ ತಕ್ಷಣ ಇಳಿದು, ತುಂಬಿ, ಮುಚ್ಚಿಬಿಡಬೇಕು. ದೀಪ ಒಯ್ಯಬೇಡಿ. ಹಾಡಹಗಲು ದೀಪ ಹಿಡಿದು ಹೊರಟರೆ ಹಗೇವು ತೆಗೆಯಲು ಹೋಗುತ್ತಿದ್ದಾರೆ ಅಂತ ಎಳೆಮಗುವಿಗೂ ತಿಳಿಯುತ್ತದೆ. ಮನೆಮನೆಗೆ ಒಂದೊಂದು ಮಂಕರಿ ಹಂಚಿ. ಅಷ್ಟನ್ನು ಯಾರೂ ಕೇಳುವುದಿಲ್ಲ.

ಈ ಕಾಗದವನ್ನು ಸುಟ್ಟ ಮೇಲೆಯೇ ಊಟ ಮಾಡು.

ಸೀನಪ್ಪ


ಟೇಕಲ್
೧-೧-೧೯೪೪

ಅಣ್ಣನಿಗೆ,

ಬರುವ ಬುಧವಾರ ಅಂತ ಗೊತ್ತು ಮಾಡಿದ್ದೇವೆ. ಮುನಿಯಲ್ಲಪ್ಪನವರೇ ಇಳಿಯುತ್ತಾರಂತೆ. ಅವರ ಹಗ್ಗ ಹಿಡಿಯಲು ಹೆಂಡತಿ ಮುತ್ಯಾಲಮ್ಮ ಬರಬೇಕು. ಆದರೆ ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಆದ್ದರಿಂದ ಅವಳಿಗೆ ಹೇಳಿಲ್ಲ. ಸೊಂಟಕ್ಕೆ ಹಗ್ಗವಿಲ್ಲದೆ, ಹಗೇವಿನ ಗೋಡೆಯಲ್ಲಿ ಕೊರೆದ ಕಾಲ್ಗೂಡಿಗೆ ಕಾಲು ಕೊಟ್ಟು ಇಳಿಯುತ್ತೇನೆ ಅನ್ನುತ್ತಾರೆ.

ದೀಪ ಖಂಡಿತ ಬೇಡವಾ? ನಿನಗಿಂತ ಚೆನ್ನಾಗಿ ಆ ಹಗೇವು ಯಾರಿಗೆ ಗೊತ್ತು, ನೀನು ಹೇಳಿದ ಮೇಲೆ ಸರಿಯೇ ಇರಬೇಕು. ಆದರೂ ನನಗೆ ಯಾಕೋ ಭಯ ಅಣ್ಣ. ಪೊಲೀಸಿನವರ ಭಯವೋ, ಬೇರೆ ಏನೋ ನನಗೇ ತಿಳಿಯದು. ನಿನ್ನ ಕಾಗದ ಸುಟ್ಟೆ.

ಲಕ್ಷ್ಮಿ


ಶ್ರೀನಿವಾಸಪುರ
೮-೧-೧೯೪೪

ಲಕ್ಷ್ಮಿಗೆ,

ಬುಧವಾರ ಕಳೆಯಿತು. ಎಲ್ಲಾ ಆಯಿತಾ? ‘ಹಬ್ಬದ ಕೆಲಸ ಮುಗಿಯಿತು’ ಅಂತ ಒಂದು ಕಾರ್ಡು ಹಾಕು ಸಾಕು. ನನಗೆ ಅರ್ಥವಾಗುತ್ತದೆ.

ಸೀನಪ್ಪ


ಶ್ರೀನಿವಾಸಪುರ
೧೪-೧-೧೯೪೪, ಸಂಕ್ರಾಂತಿ

ಲಕ್ಷ್ಮೀ,

ಯಾಕೆ ಬರೆಯುತ್ತಿಲ್ಲ? ಟಪಾಲಿನವನನ್ನು ಬೀದಿಯ ತುದಿಯಲ್ಲೇ ತಡೆದು ಕೇಳುತ್ತಿದ್ದೇನೆ. ‘ಏಮಿ ಸಾರ್, ಅಷ್ಟೊಂದು ಯಾರ ಲೆಟರ್ ಬರಬೇಕಾಗಿತ್ತು?’ ಅಂತ ಅವನು ನಗುತ್ತಾನೆ. ನನಗೆ ಅವನ ಮೇಲೂ ಅನುಮಾನ.

ಹಿಡಿದುಕೊಂಡು ಹೋದರಾ? ನಿನ್ನನ್ನಾ, ಭಾವನನ್ನಾ? ನನ್ನ ಹೆಸರು ಬಂತಾ? ಬಂದು ನೋಡೋಣವೆಂದರೆ, ರಜ ಕೇಳಿದರೆ ಯಾಕೆ ಅನ್ನುತ್ತಾರೆ. ಏನು ಹೇಳಲಿ? ಎಳ್ಳುಬೆಲ್ಲ ತಟ್ಟೆಯಲ್ಲೇ ಇದೆ.

ಇನ್ನೊಂದು ವಿಷಯ. ತನಿಖೆಯವರು ನಿಮ್ಮ ಕಡೆಗೆ ಹೊರಟೇ ಇರಲಿಲ್ಲವಂತೆ. ಅದು ಬರೀ ಕಾಫಿ ಕ್ಲಬ್ಬಿನ ಮಾತು ಅಂತ ನಿನ್ನೆ ಗೊತ್ತಾಯಿತು. ಒಳ್ಳೆಯದೇ ಆಯಿತಲ್ಲ. ಮತ್ತೆ ನೀನು ಯಾಕೆ ಸುಮ್ಮನಿದ್ದೀಯೆ?

ಸೀನಪ್ಪ


ಟೇಕಲ್
೨೦-೧-೧೯೪೪

ಅಣ್ಣನಿಗೆ,

ಯಾರೂ ಹಿಡಿದುಕೊಂಡು ಹೋಗಲಿಲ್ಲ. ಯಾರೂ ಬರಲೇ ಇಲ್ಲ. ಬಂದು ಹಿಡಿದುಕೊಂಡು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಬರೆಯಬೇಕೆಂದು ಕೂತಾಗಲೆಲ್ಲ ಅರ್ಧಕ್ಕೇ ಎದ್ದುಬಿಟ್ಟೆ. ಇವತ್ತು ಹೇಳಿಬಿಡುತ್ತೇನೆ. ಬುಧವಾರ ಮಧ್ಯಾಹ್ನ ಮೂವರೇ ಹೋದೆವು. ಮುನಿಯಲ್ಲಪ್ಪನವರು, ಅಜ್ಮತುಲ್ಲಾ ಭಾಯಿ, ನಾನು. ಒಳಗೆ ಮಕ್ಕಳು ಮಗ್ಗಿ ಕೂಗುತ್ತಿದ್ದರು. ಮಣ್ಣು ಕೆದಕಿ ಚಪ್ಪಡಿ ಸರಿಸಿದಾಗ ಹುಳಿಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಮುನಿಯಲ್ಲಪ್ಪನವರು ಅಂಗಿ ಬಿಚ್ಚುತ್ತಾ, ‘ದೀಪ ತರ್ಲಿಲ್ವೇನಮ್ಮಾ?’ ಅಂದರು. ನಾನು, ‘ಬೇಡಾಂತ ನಮ್ಮಣ್ಣ ಬರ್ದವ್ನೆ. ಹಗಲೊತ್ತು ದೀಪ ತಂದ್ರೆ ಊರಿಗೆಲ್ಲ ತಮಟೆ ಹೊಡ್ದಂಗೆ’ ಅಂದೆ. ಅವರು ನಕ್ಕರು. ‘ಆಯ್ತು ಬಿಡಮ್ಮಾ, ಓದ್ದೋರು ಹೇಳಿದ್ಮೇಲೆ’ ಅಂತ ಇಳಿದರು.

ಮಂಕರಿಯನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟೆವು. ಹಗ್ಗ ಅಲುಗಲಿಲ್ಲ. ‘ಮುನಿಯಲ್ಲಪ್ಪನೋರೆ, ತುಂಬುದ್ರಾ?’ ಅಂದೆ. ಮಾತಿಲ್ಲ. ಇನ್ನೊಂದು ಸಲ ಕೂಗಿದೆ. ಆಗಲೂ ಪಿಸುಮಾತಿನಲ್ಲೇ ಕೂಗಿದೆ ಅಣ್ಣ, ಯಾರಿಗಾದರೂ ಕೇಳಿಸೀತು ಅಂತ! ಅಜ್ಮತುಲ್ಲಾ ಭಾಯಿ ಬಗ್ಗಿ ನೋಡಿ ‘ಯಾ ಅಲ್ಲಾ’ ಅಂದರು. ಮಂಕರಿಯ ಹಗ್ಗವನ್ನು ಬಿಚ್ಚಿ ತಮ್ಮ ಸೊಂಟಕ್ಕೆ ಸುತ್ತಿಕೊಂಡು, ‘ಹಿಡ್ಕಳಿ ಅಕ್ಕಾ’ ಅಂತ ಉಸಿರು ಬಿಗಿಹಿಡಿದು ಇಳಿದೇಬಿಟ್ಟರು. ಅವರ ಹಗ್ಗ ಹಿಡಿಯಲು ನಾನು ಅವರಿಗೆ ಏನಾಗಬೇಕು? ಹಿಡಿದೆ. ಅಂಗೈ ಸುಲಿಯಿತು. ಆಗ ಕಿರುಚಿದೆ. ಒಂದು ತಿಂಗಳಿಂದ ಬಚ್ಚಿಟ್ಟುಕೊಂಡದ್ದೆಲ್ಲಾ ಆ ಒಂದು ಕಿರುಚಾಟದಲ್ಲಿ ಊರಿಗೆ ತಿಳಿಯಿತು.

ಮೇಷ್ಟರು ಓಡಿಬಂದರು, ಕಣದಿಂದ ಜನ ಬಂದರು. ಅಜ್ಮತುಲ್ಲಾ ಭಾಯಿ ಅವರನ್ನು ತಬ್ಬಿಹಿಡಿದಿದ್ದ ಹಾಗೆಯೇ ಇಬ್ಬರನ್ನೂ ಮೇಲಕ್ಕೆ ಎಳೆದುಹಾಕಿದರು. ಅಜ್ಮತುಲ್ಲಾ ಭಾಯಿ ವಾಂತಿ ಮಾಡಿಕೊಂಡು ಎದ್ದು ಕೂತರು. ಒಳಗಿನ ಕೆಟ್ಟ ಗಾಳಿ ಕುಡಿದು ಮುನಿಯಲ್ಲಪ್ಪನವರ ಮುಖ ನೀಲಿಯಾಗಿತ್ತು. ಮಕ್ಕಳೆಲ್ಲಾ ಸುತ್ತ ನಿಂತಿದ್ದರು. ಶಾಮಿ ಸ್ಲೇಟು ಹಿಡಿದುಕೊಂಡೇ ನಿಂತಿದ್ದಳು.

ಜೀವ ಉಳಿದಿದೆ. ಆದರೆ ಮೊದಲಿನ ಮನುಷ್ಯ ಇನ್ನೂ ಬಂದಿಲ್ಲ. ಹಿಡಿದ ಲೋಟ ಕೈಯಿಂದ ಜಾರುತ್ತದೆ. ಶಾಮಿಯನ್ನು ನೋಡಿ ‘ಯಾರ್ ಮಗು ಇದು, ಊಟಕ್ಕಿಕ್ಕಿ’ ಅನ್ನುತ್ತಾರೆ. ಆ ಮಗು ‘ನಾನಪ್ಪಾ, ಶಾಮಿ’ ಅಂತ ದಿನಾ ಹೇಳುತ್ತಾಳೆ. ಮುತ್ಯಾಲಮ್ಮ ನನ್ನ ಮೇಲೆ ಕೂಗಾಡಲಿಲ್ಲ. ‘ನಂಗೊಂದ್ ಮಾತ್ ಹೇಳಿದ್ರೆ ಹಗ್ಗ ಹಿಡ್ಕೊಳ್ತಿದ್ನಲ್ಲಕ್ಕಾ’ ಅಂದಳು, ಅಷ್ಟೇ. ಅವಳು ನಾಲ್ಕು ಬಾರಿಸಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

ನಿನ್ನ ಕಾಗದವೂ ಬಂತು. ಅದು ಕಾಫಿ ಕ್ಲಬ್ಬಿನ ಮಾತಂತೆ! ಒಳ್ಳೆಯದೇ ಆಯಿತಂತೆ!

ಹಗೇವನ್ನು ಹಾಗೇ ಮುಚ್ಚಿದ್ದೇವೆ, ಒಂದು ಕಾಳೂ ಮೇಲಕ್ಕೆ ಬರಲಿಲ್ಲ. ಊರಿಗೆಲ್ಲ ತಿಳಿದ ಮೇಲೆ ಇನ್ನು ಯಾವುದಕ್ಕೆ ಹೆದರಲಿ? ನಾಡಿದ್ದು ಮಾಲೂರಿಗೆ ಹೋಗಿ ನಾನೇ ಒಪ್ಪಿಸಿಕೊಳ್ಳುತ್ತೇನೆ. ಜೈಲಿಗೆ ಹಾಕಿದರೆ ಹಾಕಲಿ. ರಾಗಿಯನ್ನಾದರೂ ಮಕ್ಕಳಿಗೆ ಬಿಡಿ ಅಂತ ಕೇಳುತ್ತೇನೆ.

ಲಕ್ಷ್ಮಿ


ಶ್ರೀನಿವಾಸಪುರ
೨೪-೧-೧೯೪೪

ಲಕ್ಷ್ಮೀ,

ನಿನ್ನ ಕಾಗದ ಈಗ ತಾನೇ ಕೈಗೆ ಬಂತು. ಮಾಲೂರಿಗೆ ಹೋಗಬೇಡ. ನಾನು ಬಂದು ಹೇಳುವವರೆಗೂ ಹೋಗಬೇಡ. ಯಾಕೆ ಅಂತ ಕೇಳಬೇಡ, ದಮ್ಮಯ್ಯ.

ಸೀನಪ್ಪ


ಟೇಕಲ್
೨೭-೧-೧೯೪೪

ಅಣ್ಣನಿಗೆ,

ಹೋಗಿಬಂದಾಯಿತು. ನೀನು ಯಾಕೆ ಬೇಡ ಅಂದೆ ಅನ್ನುವುದೂ ತಿಳಿಯಿತು.

ಕಛೇರಿಯ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದೆ. ಅಜ್ಮತುಲ್ಲಾ ಭಾಯಿಯೂ ಬಂದಿದ್ದರು. ‘ಹೆದರ್ಕೋಬೇಡಿ ಅಕ್ಕಾ’ ಅನ್ನುತ್ತಲೇ ಅವರು ನನ್ನ ಹಿಂದೆ ಸರಿದು ನಿಂತರು. ಅಮಲ್ದಾರರು ವಯಸ್ಸಾದವರು. ಹೆಂಗಸರ ಹಿಡಿ ರಾಗಿ, ಹಗೇವು, ಮುನಿಯಲ್ಲಪ್ಪನವರು, ಎಲ್ಲಾ ಹೇಳಿ ಎರಡು ಕೈಯನ್ನೂ ಮುಂದೆ ಚಾಚಿದೆ, ಹಗ್ಗ ಕಟ್ಟಲಿ ಅಂತ. ಅವರು ನನ್ನ ಅಂಗೈ ನೋಡಿ, ‘ಇದಕ್ಕೆ ಎಣ್ಣೆ ಹಚ್ಚಿದಿಯೇನಮ್ಮಾ?’ ಅಂದರು. ಆಮೇಲೆ ಹೇಳಿದರು. ಇಸ್ಕೂಲ್ ಮಕ್ಕಳ ಗಂಜಿ ಅಂಬಲಿಗೆ ಇಟ್ಟ ಧಾನ್ಯವಾದರೆ ಒಂದು ಅರ್ಜಿ ಕೊಟ್ಟರೆ ಸಾಕಂತೆ. ಶೇಕ್ದಾರರು ಬಂದು ಅಳೆದು ಬಿಟ್ಟುಕೊಡುತ್ತಾರಂತೆ. ಜಿಲ್ಲೆಗೆಲ್ಲ ದೀಪಾವಳಿಗೆ ಮೊದಲೇ ಆರ್ಡರ್ ಬಂದಿದೆಯಂತೆ. ‘ಇಷ್ಟ್ ದಿವ್ಸ ಯಾಕ್ ಕೇಳ್ಲಿಲ್ಲ?’ ಅಂದರು. ಶ್ರೀನಿವಾಸಪುರದಲ್ಲಿ ಕೇಳಿದ್ದೆವು, ಆಗುವುದಿಲ್ಲ ಅಂದರು ಅಂದೆ. ಅವರಿಗೆ ಸಿಟ್ಟು ಬಂತು. ‘ಅಲ್ಲೇ ನಾಲ್ಕು ಇಸ್ಕೂಲಿನವರು ತಗೊಂಡಿದಾರೆ. ಯಾರಮ್ಮಾ ಹಂಗಂದಿದ್ದು? ಹೆಸರು ಹೇಳು’ ಅಂದರು.

ಅಣ್ಣ, ನೀನು ಯಾರನ್ನೂ ಕೇಳಲೇ ಇಲ್ಲ ಅಲ್ಲವಾ?

‘ಮರ್ತೋಯ್ತು ಸ್ವಾಮಿ’ ಅಂದೆ. ಅವರು ಅಲ್ಲೇ ಅರ್ಜಿ ಬರೆಸಿಕೊಂಡರು. ಹಬ್ಬದ ಹಿಂದಿನ ದಿನ, ಶನಿವಾರ ಶೇಕ್ದಾರರು ಬರುತ್ತಾರೆ. ಹೊರಗೆ ಬಂದು ಹುಣಸೆ ಮರದ ಕೆಳಗೆ ಕೂತು ಅತ್ತೆ. ಅಜ್ಮತುಲ್ಲಾ ಭಾಯಿ ಖುಷಿಗೆ ಅಳುತ್ತಿದ್ದಾರೆ ಅಂದುಕೊಂಡು ಸೋಡಾ ತಂದುಕೊಟ್ಟರು. ಅವರಿಗೂ ಹೇಳಲಿಲ್ಲ. ನಿನ್ನ ಭಾವನಿಗೂ ಹೇಳಿಲ್ಲ. ಹೇಳಲು ಭಯ. ನಿನ್ನ ಭಯ ಈಗ ನನ್ನ ಮನೆಗೆ ಬಂದು ಕೂತಿದೆ. ಯಾರಾದರೂ ಶ್ರೀನಿವಾಸಪುರ ಅಂದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತೇನೆ. ನಿನ್ನನ್ನು ಬೈಯಬೇಕೆಂದು ಕೂತೆ. ಬೈಗುಳವೂ ಬರುತ್ತಿಲ್ಲ.

ಹಬ್ಬ ನಿಲ್ಲಿಸೋಣ ಅಂತ ಎಲ್ಲರೂ ಅಂದರು. ಮುತ್ಯಾಲಮ್ಮನೇ ಬೇಡ ಅಂದಳು. ‘ನಮ್ಮೋರು ಅದ್ಕೋಸ್ಕರಾನೇ ಇಳಿದ್ರು. ಮಕ್ಳಿಗೆ ಅಂಬ್ಲಿ ಕಾಯ್ಸಿ’ ಅಂದಳು. ಆದರೆ ಅಳೆಯಬೇಕಾದರೆ ರಾಗಿ ಮೇಲಕ್ಕೆ ಬರಬೇಕಲ್ಲ? ಹಿಂದಿನ ದಿನವೇ ಚಪ್ಪಡಿ ತೆಗೆದಿಡುತ್ತೇವೆ, ದೀಪ ಬಿಟ್ಟು ನೋಡುತ್ತೇವೆ ಅಂದರೂ ಇಳಿಯಲು ಒಬ್ಬರೂ ಒಪ್ಪುತ್ತಿಲ್ಲ. ಅಜ್ಮತುಲ್ಲಾ ಭಾಯಿಯಿಂದ ಅವರ ಮನೆಯವರು ಆಣೆ ಹಾಕಿಸಿಕೊಂಡಿದ್ದಾರೆ. ನಾನು ಇಳಿಯುತ್ತೇನೆ ಅಂದರೆ ಹೆಂಗಸು ಇಳಿಯಬಾರದಂತೆ. ಹಗೇವು ಅನ್ನುವ ಮಾತು ಕೇಳಿದರೇ ಶಾಮಿ ಎರಡು ಕಿವಿಯನ್ನೂ ಮುಚ್ಚಿಕೊಳ್ಳುತ್ತಾಳೆ.

ಈ ಕಾಗದ ಬರೆಯುತ್ತಿರುವಾಗ ಮುತ್ಯಾಲಮ್ಮ ಬಂದು ಪಕ್ಕದಲ್ಲಿ ಕೂತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ‘ನಿಮ್ಮಣ್ಣನೋರು ನಮಗೋಸ್ಕರ ಕಛೇರೀಲೆಲ್ಲ ಕೇಳಿ ನೋಡಿದ್ರಲ್ಲಕ್ಕಾ, ನಮ್ಮೋರ ಕಡೆಯಿಂದ ಒಂದ್ ನಮಸ್ಕಾರ ಬರೀರಿ’ ಅನ್ನುತ್ತಿದ್ದಾಳೆ.

ಬರೆದಿದ್ದೇನೆ. ತೆಗೆದುಕೋ.

ಆದಿಲಕ್ಷ್ಮಿ


ಶ್ರೀನಿವಾಸಪುರ
೫-೨-೧೯೪೪

ಲಕ್ಷ್ಮಿಗೆ,

ನಿನ್ನ ಕಾಗದವನ್ನು ಈ ಸಲ ಸುಡಲಿಲ್ಲ. ಜೇ‌ಬಿನಲ್ಲೇ ಇದೆ.

ಕೇಳಲಿಲ್ಲ. ನಿನ್ನ ಮೊದಲ ಕಾಗದ ಬಂದ ದಿನ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತೆ. ಅವರು ತಲೆ ಎತ್ತಿ ‘ಏನು?’ ಅಂದರು. ಕೈಯಲ್ಲಿದ್ದ ಬೇರೆ ಯಾವುದೋ ಕಾಗದ ಕೊಟ್ಟು ಬಂದುಬಿಟ್ಟೆ. ನಿನ್ನ ಊರು ಯಾವುದು, ಅಲ್ಲಿ ನಿನ್ನವರು ಯಾರು ಅಂತ ಕೇಳಿದರೆ ಕಾಯಂ ಆಗುವುದು ತಪ್ಪುತ್ತದೆ ಅಂತ. ಅಷ್ಟೇ ಕಾರಣ, ಬೇರೇನೂ ಇಲ್ಲ. ನೀನು ಹೇಳುವ ಆರ್ಡರು ನನ್ನ ಪಕ್ಕದ ಮೇಜಿನಲ್ಲೇ ಇತ್ತಂತೆ. ನಿನ್ನೆ ಕೇಳಿದೆ. ಪಕ್ಕದವನು ಕತ್ತೂ ಎತ್ತದೆ ತೆಗೆದುಕೊಟ್ಟ. ಯಾರೂ ಯಾವ ಊರು ಅಂತ ಕೇಳಲಿಲ್ಲ.

ದೀಪದ ವಿಷಯಕ್ಕೆ ನಾನು ಏನು ಹೇಳಲಿ ಲಕ್ಷ್ಮೀ. ಅವತ್ತು ದೀಪ ಇದ್ದದ್ದರಿಂದಲ್ಲವೇ ನಾನು ಬದುಕಿದ್ದು? ಆ ಹಗೇವಿನ ಬಾಯಿ, ಆರಿದ ಬತ್ತಿಯ ಹೊಗೆ ಇವತ್ತಿಗೂ ನನ್ನ ಕನಸಿಗೆ ಬರುತ್ತದೆ. ಅಂಥವನು ದೀಪ ಒಯ್ಯಬೇಡಿ ಅಂತ ಬರೆದೆ. ಬರೆಯುವಾಗ ಒಂದು ಗಳಿಗೆ ಲೇಖನಿ ನಿಲ್ಲಿಸಲೂ ಇಲ್ಲ. ನನಗೆ ಕಂಡದ್ದು ಪೊಲೀಸಿನವರು ಮಾತ್ರ. ಮುನಿಯಲ್ಲಪ್ಪನವರು ಕಾಣಲೇ ಇಲ್ಲ.

ರಜಕ್ಕೆ ಅರ್ಜಿ ಕೊಟ್ಟಿದ್ದೇನೆ. ಕಾರಣದ ಜಾಗದಲ್ಲಿ ‘ತಂಗಿಯ ಊರಿನ ಇಸ್ಕೂಲಿನ ಹಗೇವು ತೆಗೆಯಲು’ ಅಂತಲೇ ಬರೆದೆ. ಸಾಹೇಬರು ಓದಿ ಒಂದು ಸಲ ನನ್ನನ್ನು ನೋಡಿ ಸಹಿ ಹಾಕಿದರು. ಮುಂದೆ ಏನು ಮಾಡುತ್ತಾರೋ ಗೊತ್ತಿಲ್ಲ. ಶುಕ್ರವಾರ ಹೊರಟು, ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಾಯಿಸಿ, ಸಂಜೆಗೆ ಟೇಕಲ್‌ನಲ್ಲಿ ಇಳಿಯುತ್ತೇನೆ. ಬೆಳಿಗ್ಗೆಯೇ ಚಪ್ಪಡಿ ತೆಗೆಸಿಡು. ಶನಿವಾರ ನೀನು ದೀಪ ಬಿಡು. ಅದು ಉರಿದರೆ ನಾನು ಇಳಿಯುತ್ತೇನೆ.

ಇಳಿಯುವ ಮೊದಲು ಎಲ್ಲರನ್ನೂ ಹಗೇವಿನ ಹತ್ತಿರ ಸೇರಿಸು. ಮುನಿಯಲ್ಲಪ್ಪನವರನ್ನೂ ಕರೆದುಕೊಂಡು ಬಂದು ಕೂರಿಸು, ಅವರಿಗೆ ತಿಳಿದರೂ ಸರಿ, ತಿಳಿಯದಿದ್ದರೂ ಸರಿ. ಯಾರ ಹೆಸರು ಮರೆತುಹೋಯಿತು ಅಂತ ನೀನು ಮಾಲೂರಿನಲ್ಲಿ ಹೇಳಿದೆಯೋ, ಆ ಹೆಸರನ್ನು ನಾನೇ ಹೇಳುತ್ತೇನೆ. ನೀನು ನಡುವೆ ಬಾಯಿ ಹಾಕಿ ನನ್ನನ್ನು ಉಳಿಸಲು ಬರಬೇಡ. ನನಗೆ ಈಗಲೂ ಭಯ. ಹಗೇವಿನ ಭಯ ಹೆಚ್ಚೋ, ಆ ಮಾತು ಹೇಳುವ ಭಯ ಹೆಚ್ಚೋ ಗೊತ್ತಾಗುತ್ತಿಲ್ಲ.

ಇನ್ನೊಂದು ಮಾತು, ಇದನ್ನು ಮಾತ್ರ ತಪ್ಪಿಸಬೇಡ. ಮನೆಯವರೇ ಹಿಡಿಯಬೇಕು ಅಂತ ನೀನು ಓಡಿಬರುತ್ತೀಯೆ, ನನಗೆ ಗೊತ್ತು. ಬರಬೇಡ. ನಾನು ಹೇಳುವುದನ್ನೆಲ್ಲಾ ಹೇಳಿ ಮುಗಿಸಿದ ಮೇಲೆ, ನನ್ನ ಹಗ್ಗವನ್ನು ಮುತ್ಯಾಲಮ್ಮನ ಕೈಗೆ ಕೊಡು.

ಸೀನಪ್ಪ